ಐದು ತಿಂಗಳ ಕೂಸಿದೆ, ಪಂಚಾಯಿತಿ ಸಭೆಗೆ ಹೇಗೆ ಹೋಗಲಿ?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಗ್ರಾಮ ಪಂಚಾಯಿತಿ ಸದಸ್ಯೆ. ಹನ್ನೊಂದಕ್ಕೆ ಸಭೆ ಎಂದು ನೋಟಿಸ್ ಬಂದರೂ ಕೋರಂ (ಸಭೆ ನಡೆಸಲು ಬೇಕಾದಷ್ಟು ಸದಸ್ಯರ ಹಾಜರಿ) ಆಗುವುದು ಒಂದೂವರೆಗೆ, ಮುಗಿಯುವಾಗ ಕತ್ತಲು. ಬಸ್ಸಿಲ್ಲ, ದಾರಿಯಲ್ಲಿ ಆನೆ ಭಯ. ‘ಯಜಮಾನರನ್ನು ಕಳಿಸಿ, ಸಹಿ ಆಮೇಲೆ ಹಾಕಿ’ ಎನ್ನುತ್ತಾರೆ. ಹೆರಿಗೆ ರಜೆ, ಮಗುವಿಗೊಂದು ಕೋಣೆ ಕೇಳಬಹುದೇ?

ಉತ್ತರ: ಕೇಳಿ. ಆದರೆ ಕೋಣೆಗಿಂತ ಮೊದಲು ಹೊತ್ತು ಕೇಳಿ. ಸಭೆಯ ವೇಳೆ ಗೊತ್ತುಮಾಡುವವರು ಅಧ್ಯಕ್ಷರು. ‘ಹನ್ನೊಂದಕ್ಕೆ ಶುರು, ಎರಡೂವರೆಗೆ ಮುಕ್ತಾಯ, ಉಳಿದದ್ದು ಮುಂದಿನ ದಿನಾಂಕಕ್ಕೆ’ ಎಂಬ ವಿಷಯವನ್ನು ಕಾರ್ಯಸೂಚಿಗೆ ಸೇರಿಸಲು ಅವರಿಗೆ ಬರೆದುಕೊಡಿ. ಪ್ರತಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಕೊಟ್ಟು ಸ್ವೀಕೃತಿ ಪಡೆಯಿರಿ. ನೋಟಿಸಿನಲ್ಲಿ ಶುರುವಿನ ವೇಳೆ ಇರುತ್ತದೆ, ಮುಗಿಯುವ ವೇಳೆ ಇರುವುದಿಲ್ಲ, ಕೆಡುವುದು ಅಲ್ಲೇ. ಯಾವ ವಾರ್ಡಿಗೆ ಯಾವ ಕೆಲಸ ಎಂದು ಗೊತ್ತುಮಾಡುವ ಕ್ರಿಯಾ ಯೋಜನೆಯಂಥ ತೂಕದ ವಿಷಯ ಕೊನೆಗೆ ಬಂದರೆ, ಬಸ್ಸಿಗೆಂದು ಎದ್ದುಹೋದವರ ವಾರ್ಡಿನ ಚರಂಡಿ ಕೆಲಸ ಪಕ್ಕದ ವಾರ್ಡಿಗೆ ಹೋಗಿರುತ್ತದೆ. ಅದನ್ನು ಮೊದಲ ಗಂಟೆಗೇ ತರುವಂತೆಯೂ ಬರೆಯಿರಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಸಂತೆಯ ದಿನ, ಅಂದರೆ ತೋಟಕ್ಕೆ ರಜೆಯಿರುವ ದಿನ, ಸಭೆ ಇಟ್ಟರೆ ಕೋರಂ ಬೇಗ ಆದೀತು.

26 ವಾರಗಳ ಹೆರಿಗೆ ರಜೆ ನೌಕರರಿಗೆ. ಚುನಾಯಿತರು ನೌಕರರಲ್ಲ. ಶಾಸಕರೂ ಸದನದ ಅನುಮತಿಯಿಲ್ಲದೆ 60 ದಿನ ಗೈರಾದರೆ ಸ್ಥಾನ ತೆರವೆಂದು ಘೋಷಿಸಲು ಸಂವಿಧಾನದಲ್ಲಿ ಅವಕಾಶವಿದೆ. ಹಾಗಾಗಿ ಬರಲಾಗದ ಸಭೆಗೆ ಮುಂಚೆಯೇ ಲಿಖಿತ ಅರ್ಜಿ ಕೊಡಿ, ಅದು ನಡಾವಳಿಯಲ್ಲಿ, ಅಂದರೆ ಸಭೆಯ ಬರಹದ ವರದಿಯಲ್ಲಿ, ದಾಖಲಾಗಿದೆಯೇ ನೋಡಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಕೋಣೆಯ ಮಾತು. 2023–24ರ ಬಜೆಟ್‌ನಲ್ಲಿ 4,000 ಪಂಚಾಯಿತಿಗಳಿಗೆ ಘೋಷಿಸಿದ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ ಮುಖ್ಯವಾಗಿ ನರೇಗಾ ಕೂಲಿಕಾರರ ಮಕ್ಕಳಿಗೆಂದು, ಅದೂ ಆರು ತಿಂಗಳು ತುಂಬಿದ ಮೇಲೆ. ನಿಮಗೆ ಬೇಕಾದದ್ದು ಸಭಾಂಗಣಕ್ಕೆ ಅಂಟಿದ ಚಿಕ್ಕ ಕೋಣೆ: ಒಳಚಿಲಕ, ಕಿಟಕಿಗೆ ಪರದೆ, ಕೈಯಿರುವ ಕುರ್ಚಿ, ಚಾಪೆ, ನೀರು. ಬೇರೆ ಕಟ್ಟಡದಲ್ಲಿ ಕೊಟ್ಟರೆ ಒಪ್ಪಬೇಡಿ, ಹಾಲೂಡಿಸಿ ಬರುವಷ್ಟರಲ್ಲಿ ಠರಾವು ಪಾಸಾಗಿರುತ್ತದೆ. ಬ್ಲೀಚಿಂಗ್ ಪೌಡರ್ ಚೀಲ ಪೇರಿಸಿದ ಕೋಣೆಯಂತೂ ಬೇಡವೇ ಬೇಡ, ಅದರ ಘಾಟು ಕೂಸಿಗಾಗದು.

ಯಜಮಾನರು ಕೂಸನ್ನು ಎತ್ತಿಕೊಂಡು ಹೊರಗೆ ಕೂರಲಿ, ಬಹಳ ಒಳ್ಳೆಯದು. ಒಳಗೆ ನಿಮ್ಮ ಕುರ್ಚಿಯಲ್ಲಿ ಕೂರುವ ಹಕ್ಕು ಅವರಿಗಿಲ್ಲ. ನಡಾವಳಿಗೆ ಬಿದ್ದ ಸಹಿಗೆ ಉತ್ತರ ಕೊಡಬೇಕಾದವರು ನೀವೇ.

ಪ್ರಶ್ನೆ: ಸಭೆಯಲ್ಲಿ ಸಿಬ್ಬಂದಿಯೊಬ್ಬರು ಅಶ್ಲೀಲವಾಗಿ ಮಾತಾಡಿದರು. ನಮ್ಮ ಕಚೇರಿಯಲ್ಲಿರುವುದೇ ಏಳು ಜನ. ದೂರು ಎಲ್ಲಿ? (ಮೂಡಿಗೆರೆ)

ಉತ್ತರ: ಹತ್ತಕ್ಕಿಂತ ಕಡಿಮೆ ಜನರಿರುವಲ್ಲಿ ಇಂಥ ದೂರು ಕೇಳುವ ಆಂತರಿಕ ಸಮಿತಿ ಇರುವುದಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಿ. ನೊಂದ ಮಹಿಳೆ ಅಲ್ಲಿನ ನೌಕರಳೇ ಆಗಿರಬೇಕೆಂದಿಲ್ಲ. ಮೂರು ತಿಂಗಳೊಳಗೆ, ದಿನಾಂಕ, ಆಡಿದ ಮಾತು, ಸಾಕ್ಷಿಗಳ ಹೆಸರು ಬರೆದು ಆರು ಪ್ರತಿ ಸಲ್ಲಿಸಿ. ಮಾತನ್ನು ಆಡಿದಂತೆಯೇ ಬರೆಯಿರಿ. ‘ಕೆಟ್ಟದಾಗಿ ಬೈದರು’ ಎಂದಷ್ಟೇ ಬರೆದ ದೂರು ವಿಚಾರಣೆಯಲ್ಲಿ ನಿಲ್ಲುವುದು ಕಷ್ಟ.

ಪ್ರಶ್ನೆ: ಬ್ರಿಟನ್ನಿನಲ್ಲಿ ಬಾಣಂತಿ ಸಂಸದೆಯರ ಪರವಾಗಿ ಬೇರೆಯವರು ಮತ ಹಾಕುತ್ತಾರಂತೆ, ನಿಜವೇ? (ಹಾಸನ)

ಉತ್ತರ: ನಿಜ. 2019ರಲ್ಲಿ ಪ್ರಯೋಗ, 2020ರಲ್ಲಿ ಕಾಯಂ. ಹೊಸದಾಗಿ ತಂದೆಯಾದವರಿಗೂ ಆ ಸೌಲಭ್ಯವಿದೆ. ನಮ್ಮಲ್ಲಿ ಹಾಗಿಲ್ಲ, ಸಭೆಯಲ್ಲಿದ್ದವರದ್ದಷ್ಟೇ ಮತ.