30 ಸೆಕೆಂಡ್ ಹಾಡಿಗೆ ವಿನಾಯಿತಿ ಎಲ್ಲಿಯೂ ಇಲ್ಲ

ಪ್ರಶ್ನೆ: ದರ್ಶಿನಿಯ ಫಿಲ್ಟರ್ ಕಾಫಿ ಬಗ್ಗೆ ಯೂಟ್ಯೂಬ್‌ಗೆ ವಿಡಿಯೊ ಹಾಕಿದ್ದೆ. ಹಿನ್ನೆಲೆಯಲ್ಲಿ ಸಿನಿಮಾ ಹಾಡು 20 ಸೆಕೆಂಡ್ ಮಾತ್ರ ಇತ್ತು, ಕ್ರೆಡಿಟ್ ಕೂಡ ಕೊಟ್ಟಿದ್ದೆ. ಆದರೂ ಕಾಪಿರೈಟ್ ಕ್ಲೇಮ್ ಬಂದಿದೆ. 30 ಸೆಕೆಂಡ್‌ವರೆಗೆ ಬಳಸಬಹುದಲ್ಲವೇ?
– ಓದುಗರು, ಜಯನಗರ

ಉತ್ತರ: ಬಳಸುವಂತಿಲ್ಲ. ಎಷ್ಟು ಸಲ ಬರೆದರೂ ಈ ಪ್ರಶ್ನೆ ನಿಂತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸೆಕೆಂಡ್‌ಗಳ ಲೆಕ್ಕವೇ ಇಲ್ಲ. ಸೆಕ್ಷನ್ 52 ವಿಮರ್ಶೆ, ವರದಿಯಂಥ ಕೆಲಸಗಳಿಗೆ ವಿನಾಯಿತಿ ಕೊಡುತ್ತದೆ. ಕಾಫಿಯ ದೃಶ್ಯಕ್ಕೆ ಕಳೆ ಕಟ್ಟಲೆಂದು ಹಾಕಿದ ಹಾಡು ಅದರಲ್ಲಿ ಬರುವುದಿಲ್ಲ. ಕ್ರೆಡಿಟ್ ಕೊಟ್ಟ ಮಾತ್ರಕ್ಕೆ ಅನುಮತಿ ಸಿಕ್ಕಂತಲ್ಲ. ಹಾಡಿನ ಶ್ರುತಿ ಏರಿಸಿ ಯೂಟ್ಯೂಬ್‌ನ ಕಣ್ಣು ತಪ್ಪಿಸುವುದನ್ನು ಕಲಿಸುವವರನ್ನು ನಂಬಬೇಡಿ. ಹೋಟೆಲ್‌ನ ರೇಡಿಯೊದಲ್ಲಿ ಬರುತ್ತಿದ್ದ ಹಾಡು ನಿಮ್ಮ ಮಾತಿನ ಹಿಂದೆ ಸೇರಿಕೊಂಡರೂ ಹಾಡುಗಳನ್ನು ತಾನೇ ಗುರುತಿಸುವ ಯೂಟ್ಯೂಬ್‌ನ ಕಂಟೆಂಟ್ ಐಡಿ ವ್ಯವಸ್ಥೆ ಹಿಡಿಯಬಲ್ಲದು.

ಕ್ಲೇಮ್ ಎಂದರೆ ಹಾಡು ತಮ್ಮದೆಂಬ ಹಕ್ಕುಸಾಧನೆ ಅಷ್ಟೆ, ಚಾನೆಲ್ ಮೇಲೆ ದಂಡನೆಯಾಗಿ ಬೀಳುವ ಸ್ಟ್ರೈಕ್ ಅಲ್ಲ, ಗಾಬರಿ ಬೇಡ. ಯೂಟ್ಯೂಬ್ ಸ್ಟುಡಿಯೊದಲ್ಲಿ ಆ ತುಣುಕನ್ನು ಕತ್ತರಿಸಿ, ಇಲ್ಲವೇ ಹಾಡನ್ನು ಮ್ಯೂಟ್ ಮಾಡಿ. ಹಕ್ಕಿಲ್ಲದೆ ಡಿಸ್ಪ್ಯೂಟ್ (ಕ್ಲೇಮ್ ವಿರುದ್ಧ ತಕರಾರು) ಹಾಕಿದರೆ ಅದು ಸ್ಟ್ರೈಕ್‌ಗೆ ತಿರುಗಬಹುದು; 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗುತ್ತದೆ. ದುಡ್ಡು ಕೊಟ್ಟರೆ ಸ್ಟ್ರೈಕ್ ತೆಗೆಸುತ್ತೇವೆ ಎನ್ನುವವರಿಗೆ ಪಾಸ್‌ವರ್ಡ್ ಕೊಟ್ಟು ಕೆಡಬೇಡಿ.

ಅಷ್ಟಕ್ಕೂ ಬೇರೆಯವರ ಹಾಡಿನ ಹಂಗೇಕೆ? ಕೈಯಲ್ಲಿರುವ ಫೋನ್ ಸಾಕು, ನೀವೇ ಹಾಡಿ. ವಚನ, ದಾಸರ ಪದಗಳ ಸಾಹಿತ್ಯ ಯಾರೊಬ್ಬರ ಸ್ವತ್ತೂ ಅಲ್ಲ. ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಪಂಜೆ ಮಂಗೇಶರಾಯರು ತೀರಿಕೊಂಡಿದ್ದು 1937ರಲ್ಲಿ, ಅವರ ಕಾಲದಲ್ಲೇ ಅಚ್ಚಾದ ಪದ್ಯಗಳನ್ನು ಧಾರಾಳವಾಗಿ ಹಾಡಬಹುದು. ಕುವೆಂಪು ಕವಿತೆಗಳಿಗೆ 2054ರ ಕೊನೆಯವರೆಗೆ ಅನುಮತಿ ಬೇಕು. ಎಡವುವುದು ಇಲ್ಲಿ: ಸಾಹಿತ್ಯ ಹಳೆಯದಾದರೂ ಕ್ಯಾಸೆಟ್‌ನಲ್ಲಿ ಕೇಳಿದ ಧಾಟಿ ಈಚಿನ ಸಂಗೀತ ನಿರ್ದೇಶಕರದ್ದಿರಬಹುದು, ಧ್ವನಿಮುದ್ರಣವಂತೂ ಕಂಪನಿಯದು. ಆದ್ದರಿಂದ ರಾಗ ನೀವೇ ಕೂಡಿಸಿ.

ದನಿ ಮುದ್ರಿಸುವಾಗ ಫ್ಯಾನ್ ಆರಿಸಿ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರತ್ತ ಮುಖ ಮಾಡಿ ನಿಲ್ಲಿ. ಬರಿಗೋಡೆಯ ಕೋಣೆಯಲ್ಲಿ ಮಾತು ಮಾರ್ದನಿಸುತ್ತದೆ. ಮೈಕ್ ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿರಲಿ. ನೇರ ಹಿಡಿದರೆ ಪ, ಭ ಅಕ್ಷರಗಳಿಗೆ ಉಸಿರು ಬಡಿದು ‘ಡಬ್’ ಎನ್ನುತ್ತದೆ. ಹಾಡುವ ಮುನ್ನ ಹತ್ತು ಸೆಕೆಂಡ್ ಸುಮ್ಮನೆ ರೆಕಾರ್ಡ್ ಮಾಡಿ. ಹೊರಗಿನ ಟ್ರಾಫಿಕ್ಕಿನ ಗುಂಯ್ ಸದ್ದನ್ನು ಆಮೇಲೆ ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ತಗ್ಗಿಸಲು ಆ ಮೌನವೇ ಮಾದರಿ. ಪೂರ್ತಿ ಅಳಿಸಲು ಹೋದರೆ ನಿಮ್ಮ ದನಿಯೂ ತಗಡಿನಂತಾಗುತ್ತದೆ.

ಪ್ರಶ್ನೆ: ಮನೆಯ ದೀಪದಡಿ ತೆಗೆದ ವಿಡಿಯೊದಲ್ಲಿ ಕಪ್ಪು ಪಟ್ಟಿಗಳು ಓಡುತ್ತವೆ.
– ಯಲಹಂಕ

ಉತ್ತರ: ನಮ್ಮ ಕರೆಂಟ್ 50 ಹರ್ಟ್ಸ್, ದೀಪವೂ ಆ ಲಯಕ್ಕೇ ಮಿನುಗುತ್ತದೆ; ಕ್ಯಾಮೆರಾ ಅದಕ್ಕೆ ಹೊಂದದಿದ್ದರೆ ಪಟ್ಟಿ ಕಾಣುತ್ತದೆ. ಸೆಕೆಂಡಿಗೆ 25 ಫ್ರೇಮ್, ಶಟರ್ ವೇಗ 1/50 ಅಥವಾ 1/100 ಸೆಕೆಂಡ್ ಇಡಿ. ಅಗ್ಗದ ಎಲ್‌ಇಡಿ ಆಗಿದ್ದು ಆಗಲೂ ನಿಲ್ಲದಿದ್ದರೆ ಬಲ್ಬ್ ಬದಲಿಸಿ.

ಪ್ರಶ್ನೆ: ವೈರಲ್ ಆಗಲು ಯಾವ ಹೊತ್ತಿಗೆ ಹಾಕಬೇಕು?
– ರಾಜಾಜಿನಗರ

ಉತ್ತರ: ಅಂಥ ಮುಹೂರ್ತ ಇಲ್ಲ.