ಆದೇಶದ ಕೊನೆಯಲ್ಲಿ ರಾಜ್ಯಪಾಲರ ಹೆಸರು ಯಾಕೆ?

ಪ್ರಶ್ನೆ: ನನ್ನ ತಂಗಿ ಸರ್ಕಾರಿ ಕೆಲಸದಲ್ಲಿದ್ದಾಳೆ. ಅವಳ ವರ್ಗಾವಣೆ ಆದೇಶದ ಕೊನೆಯಲ್ಲಿ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂದಿದೆ. ರಾಜ್ಯಪಾಲರು ಇದನ್ನೆಲ್ಲ ನೋಡ್ತಾರಾ? ಸರ್ಕಾರ ನಡೆಸುವುದು ಅವರಾ, ಮುಖ್ಯಮಂತ್ರಿಯಾ?

ಉತ್ತರ: ನೋಡುವುದಿಲ್ಲ. ಆ ಸಾಲಿನ ಕೆಳಗಿನ ಸಹಿ ನೋಡಿ, ಸಾಮಾನ್ಯವಾಗಿ ಇಲಾಖೆಯ ಅಧೀನ ಕಾರ್ಯದರ್ಶಿಯದ್ದೇ ಇರುತ್ತದೆ. ಸಂವಿಧಾನದ 154ನೇ ವಿಧಿ ರಾಜ್ಯದ ಕಾರ್ಯಾಂಗದ ಅಧಿಕಾರವನ್ನು ರಾಜ್ಯಪಾಲರ ಕೈಗೆ ಕೊಡುತ್ತದೆ, ಆದರೆ 163ನೇ ವಿಧಿ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು ಅನ್ನುತ್ತದೆ. ಹೆಸರು ಅವರದು, ತೀರ್ಮಾನ ನಾವು ವೋಟು ಹಾಕಿ ಕಳಿಸಿದವರದು. ಹಾಗಂತ ಆ ಸಾಲು ಸುಮ್ನೆ ಬರೆದದ್ದಲ್ಲ. 166ನೇ ವಿಧಿಯ ಪ್ರಕಾರ ಹೀಗೆ ಸಹಿಯಾದ ಆದೇಶವನ್ನು ‘ಇದು ರಾಜ್ಯಪಾಲರು ಮಾಡಿದ್ದಲ್ಲ’ ಎಂಬ ಕಾರಣಕ್ಕೆ ಯಾರೂ ಪ್ರಶ್ನಿಸುವಂತಿಲ್ಲ.

ರಾಜ್ಯಪಾಲರು ಸ್ವಂತ ಬುದ್ಧಿಯಿಂದ ತೀರ್ಮಾನಿಸುವ ಜಾಗಗಳು ಕೆಲವೇ. ಯಾರಿಗೂ ಬಹುಮತ ಇಲ್ಲದಾಗ ಯಾರನ್ನು ಕರೆಯಬೇಕು, ರಾಷ್ಟ್ರಪತಿ ಆಳ್ವಿಕೆಗೆ ವರದಿ ಕಳಿಸಬೇಕಾ, ಇಂಥವು. ಜಗಳ ಜಾಸ್ತಿ ಆಗಿರುವುದೂ ಅಲ್ಲೇ, ನಮ್ಮ ರಾಜ್ಯದಲ್ಲೂ ಆಗಿದೆ.

1989ರ ಏಪ್ರಿಲ್. ಎಸ್‌.ಆರ್‌. ಬೊಮ್ಮಾಯಿ ಮುಖ್ಯಮಂತ್ರಿ. 19 ಶಾಸಕರು ಬೆಂಬಲ ವಾಪಸ್ ತೆಗೆದಿದ್ದಾರೆ ಎಂಬ ಪತ್ರಗಳು ರಾಜಭವನಕ್ಕೆ ಹೋದವು. ಅವರಲ್ಲಿ ಕೆಲವರು ಏಪ್ರಿಲ್ 20ಕ್ಕೇ ಮಾತು ಬದಲಿಸಿದರು. ಸದನ ಕರೆಯಿರಿ, ಅಲ್ಲೇ ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿ ಕೇಳಿಕೊಂಡರು. ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಒಪ್ಪಲಿಲ್ಲ. ಏಪ್ರಿಲ್ 21ಕ್ಕೆ ಸರ್ಕಾರ ವಜಾ. ಐದು ವರ್ಷದ ಮೇಲೆ, 1994ರಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಈ ವಜಾ ತಪ್ಪು, ಬಹುಮತ ಇದೆಯಾ ಇಲ್ವಾ ಅನ್ನುವುದು ಸದನದಲ್ಲೇ ತೀರ್ಮಾನ ಆಗಬೇಕು ಎಂದಿತು. ಆ ಹೊತ್ತಿಗೆ ಇನ್ನೊಂದು ಚುನಾವಣೆಯೇ ಮುಗಿದುಹೋಗಿತ್ತು. ಈ ತೀರ್ಪು ಓದಿದಾಗಲೆಲ್ಲ ನನಗೆ ಬೇಜಾರಾಗುವುದು ಅದಕ್ಕೇ.

ಆದರೆ ತೀರ್ಪು ಫಲ ಕೊಟ್ಟಿತು. 2018ರಲ್ಲಿ ಯಡಿಯೂರಪ್ಪನವರಿಗೆ ಬಹುಮತ ತೋರಿಸಲು ರಾಜ್ಯಪಾಲ ವಜುಭಾಯಿ ವಾಲಾ 15 ದಿನ ಕೊಟ್ಟಿದ್ದರು. ಕೋರ್ಟು ಮಧ್ಯೆ ಬಂದು ಮೇ 19ಕ್ಕೇ ಆಗಲಿ ಎಂದಿತು. ಅವತ್ತು ಸಂಜೆ ವೋಟಿಗೆ ಮೊದಲೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಆ ಸಲ ಐದು ವರ್ಷ ಕಾಯಬೇಕಾಗಲಿಲ್ಲ.

ಇನ್ನು ನಿಮ್ಮ ತಂಗಿಯ ವಿಷಯ. ವರ್ಗಾವಣೆ ಬಗ್ಗೆ ತಕರಾರಿದ್ದರೆ ರಾಜಭವನಕ್ಕೆ ಪತ್ರ ಬರೆಯುವ ಬದಲು ಮೊದಲು ಇಲಾಖೆಗೇ ಮನವಿ ಕೊಡಲಿ. ಅಲ್ಲಿ ಆಗದಿದ್ದರೆ ಕೆಎಟಿ ಅಂತೀವಲ್ಲ, ರಾಜ್ಯ ಆಡಳಿತ ನ್ಯಾಯಮಂಡಳಿ, ಅಲ್ಲಿಗೆ ಹೋಗಬಹುದು.