ದಾರ ಮೊದಲು, ರೀಲ್ ಕೊನೆಗೆ

ಪ್ರಶ್ನೆ: ನಾವಿರುವುದು ಟೆಕ್ಸಸ್‌ನ ಪ್ಲೇನೊದಲ್ಲಿ. ಮನೆ ಹಿಂದಿನ ಕೊಳದಲ್ಲಿ ಬಾಸ್ ಮೀನುಗಳಿವೆ, ಹತ್ತು ವರ್ಷದ ಮಗನಿಗೆ ಅದರದೇ ಧ್ಯಾನ. ಅಂಗಡಿಗೆ ಹೋದರೆ ಬೇಟ್‌ಕಾಸ್ಟರ್, ಬ್ರೇಡ್, ಫ್ಲೋರೋಕಾರ್ಬನ್ ಅಂತ ಅಲ್ಲಿನ ಹುಡುಗ ಹೇಳುತ್ತಲೇ ಹೋದ. ತಲೆ ಕೆಟ್ಟು ಬರಿಗೈಲಿ ಬಂದೆವು. ನಮ್ಮಪ್ಪ ಚನ್ನರಾಯಪಟ್ಟಣದ ಕೆರೆಯಲ್ಲಿ ಬಿದಿರುಕಡ್ಡಿಗೆ ದಾರ ಕಟ್ಟಿಯೇ ಮೀನು ಹಿಡಿಯುತ್ತಿದ್ದರು. ಇಷ್ಟೆಲ್ಲ ಬೇಕಾ ಸರ್?

ಉತ್ತರ: ಬರಿಗೈಲಿ ಬಂದಿರಲ್ಲ, ನೀವೇ ಜಾಣರು. ನಾನು ಕೈತುಂಬ ಹೊತ್ತು ತಂದವನು.

ಹಾಸನದಲ್ಲಿ ಮೂವತ್ತು ವರ್ಷ ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿದ ಕೈ ಇದು. ಮಗಳು ಆಸ್ಟಿನ್‌ನಲ್ಲಿ ಮನೆ ಮಾಡಿದ ಮೇಲೆ ಎರಡು ವರ್ಷಕ್ಕೊಮ್ಮೆ ಆರು ತಿಂಗಳು ಅಲ್ಲಿಗೆ ಹೋಗಿಬರುತ್ತೇನೆ. ಮೊದಲ ಸಲ ಹೋದಾಗ, ಸುತ್ತುವ ವಿದ್ಯೆ ನನಗೆ ಯಾರು ಹೇಳಿಕೊಡಬೇಕು ಎಂಬ ಜಂಬದಲ್ಲಿ ಬೇಟ್‌ಕಾಸ್ಟರ್ ಎಂಬ ರೀಲ್, ಅಂದರೆ ದಾರ ಸುತ್ತುವ ಯಂತ್ರ, ಕೊಂಡೆ. ಮೊದಲ ಬೀಸಿಗೇ ಗೂಡು ಕಟ್ಟಿತು. ಆ ರೀಲಿನಲ್ಲಿ ದಾರದ ಉರುಳೆಯೇ ತಿರುಗುತ್ತದೆ. ಗಾಳಿಯಲ್ಲಿ ಗಾಳ ಕಟ್ಟಿದ ಹುಸಿಮೀನಿನ ವೇಗ ತಗ್ಗಿದರೂ ಉರುಳೆ ತಿರುಗುತ್ತಲೇ ಇರುತ್ತದೆ, ಹೆಬ್ಬೆರಳಲ್ಲಿ ಸಮಯಕ್ಕೆ ಸರಿಯಾಗಿ ಒತ್ತದಿದ್ದರೆ ಹೊರಗೆ ಹೋಗಲಾರದ ದಾರವೆಲ್ಲ ಅಲ್ಲೇ ಉಬ್ಬಿ ಸಿಕ್ಕಾಗುತ್ತದೆ. ಬೆಳಗ್ಗೆಯೆಲ್ಲ ಸೂಜಿ ಹಿಡಿದು ಬಿಡಿಸುತ್ತ ಕೂತೆ. ಮೊಮ್ಮಗಳು ಪಕ್ಕದಲ್ಲಿ ಕೂತು ಎರೆಹುಳ ಎಣಿಸುತ್ತಿದ್ದಳು. ಈಗ ಅದನ್ನು ಬೀಸಲು ಬರುತ್ತದೆ, ಆದರೆ ಎರಡು ಸೀಸನ್ ಬೇಕಾಯಿತು. ಹತ್ತು ವರ್ಷದ ಹುಡುಗನಿಗೆ ಈ ಶಿಕ್ಷೆ ಯಾಕೆ?

ನೀವು ಸ್ಪಿನ್ನಿಂಗ್ ರೀಲ್ ತಗೊಳ್ಳಿ, 2500 ಸೈಜಿನದು. ಅದರ ಉರುಳೆ ಅಲುಗುವುದಿಲ್ಲ, ದಾರ ಅಂಚಿನಿಂದ ಸುರುಳಿ ಸುರುಳಿಯಾಗಿ ತಾನೇ ಜಾರಿ ಹೋಗುತ್ತದೆ. ಇನ್ನೂ ಚಿಕ್ಕ ಮಕ್ಕಳಿಗಾದರೆ ಮುಚ್ಚಳವಿರುವ, ಗುಂಡಿ ಒತ್ತುವ ರೀಲ್ ಇದೆ, ಸ್ಪಿನ್‌ಕಾಸ್ಟ್ ಅಂತಾರೆ. ಅದನ್ನು 1949ರಲ್ಲಿ ಮಾರುಕಟ್ಟೆಗೆ ತಂದದ್ದು ಓಕ್ಲಹೋಮಾದ ಟಲ್ಸಾದಲ್ಲಿ ಎಣ್ಣೆ ಬಾವಿಗಳಿಗೆ ಟೈಂ ಬಾಂಬ್ ಮಾಡುತ್ತಿದ್ದ ಜೀರೋ ಅವರ್ ಬಾಂಬ್ ಕಂಪನಿ. ಜೆಬ್ಕೊ ಎಂಬ ರೀಲ್ ಕಂಪನಿಗೆ ಆ ಹೆಸರು ಬಂದದ್ದೇ ಅದರಿಂದ. ಆ ರೀಲ್ ಕಂಡುಹಿಡಿದ ಆರ್. ಡಿ. ಹಲ್ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಅಂಗಡಿಯವನೊಬ್ಬ ಪೊಟ್ಟಣ ಕಟ್ಟಲು ಅಲುಗದ ಉಂಡೆಯಿಂದ ದಾರ ಎಳೆಯುವುದನ್ನು ನೋಡಿ ಅವರಿಗೆ ಹೊಳೆಯಿತಂತೆ. ನಮ್ಮ ಶೆಟ್ಟರ ಅಂಗಡಿಯಲ್ಲೂ ಅದೇ ದಾರದುಂಡೆ ಮೇಲಿಂದ ಇಳಿಬಿಟ್ಟಿರುತ್ತಿತ್ತು. ನಾವು ಬೆಲ್ಲ ಕಟ್ಟಿಸಿಕೊಂಡು ಮನೆಗೆ ಬಂದೆವು.

ಈಗ ಮುಖ್ಯ ವಿಷಯ. ಎಲ್ಲರೂ ಮಿರಿಮಿರಿ ಮಿಂಚುವ ರೀಲಿನಿಂದ ಶುರು ಮಾಡುತ್ತಾರೆ. ನೀವು ದಾರದಿಂದ ಶುರು ಮಾಡಿ. ಮೀನಿಗೂ ನಿಮಗೂ ನಡುವೆ ಇರುವುದು ಅದೊಂದೇ. ದಾರ ಗೊತ್ತಾದರೆ ರಾಡ್, ಅಂದರೆ ಗಾಳದ ಕೋಲು, ಗೊತ್ತಾಗುತ್ತದೆ, ರೀಲ್ ಕೊನೆಗೆ ತಾನೇ ಬರುತ್ತದೆ.

ಮಗನಿಗೆ ಮಾಮೂಲಿ ನೈಲಾನ್ ದಾರ ಸಾಕು, 8 ಪೌಂಡಿನದು, ಅಂದರೆ ಅಷ್ಟು ಎಳೆತ ತಡೆಯುವಂಥದು. ಅಲ್ಲಿ ಮೋನೊ ಅಂತಾರೆ. ಅಗ್ಗ, ಗಂಟು ಚೆನ್ನಾಗಿ ಕೂರುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ರಬ್ಬರಿನ ಹಾಗೆ ಕೊಂಚ ಹಿಗ್ಗುತ್ತದೆ. ಮೀನು ಕಚ್ಚಿದ ಖುಷಿಗೆ ಹುಡುಗ ಜಗ್ಗಿಬಿಡುತ್ತಾನೆ ನೋಡಿ, ಆ ಜಗ್ಗು ಗಾಳಕ್ಕೆ ಬಡಿಯುವ ಮೊದಲು ದಾರವೇ ಅರ್ಧ ನುಂಗಿಕೊಳ್ಳುತ್ತದೆ. ಬಿಸಿಲಿಗೆ ಬೇಗ ಹಾಳಾಗುತ್ತದೆ, ಸೀಸನ್ನಿಗೊಮ್ಮೆ ಬದಲಿಸಿ.

ಫ್ಲೋರೋಕಾರ್ಬನ್ ನೀರಲ್ಲಿ ಕಾಣುವುದೇ ಇಲ್ಲ ಅನ್ನುವುದು ಪ್ರಚಾರದ ಮಾತು. ಬೆಳಕನ್ನು ಬಾಗಿಸುವ ಗುಣ ನೀರಿಗೆ 1.33, ಅದಕ್ಕೆ 1.42, ನೈಲಾನಿಗೆ 1.5ರ ಮೇಲೆ. ಹಾಗಾಗಿ ಕಮ್ಮಿ ಕಾಣುತ್ತದೆ, ಅಷ್ಟೆ. ಅದರ ನಿಜವಾದ ಗುಣ ಮುಳುಗುವುದು ಮತ್ತು ಕಲ್ಲಿನ ಉಜ್ಜಾಟ ತಡೆಯುವುದು. ತಳದಲ್ಲಿ ರಬ್ಬರ್ ಹುಳ ಎಳೆದಾಡಿಸುವಾಗ ಬೇಕು. ನೀರಿನ ಮೇಲೆ ತೇಲುವ ಹುಸಿಮೀನಿಗೆ ಕಟ್ಟಿದರೆ ಅದರ ಮೂತಿಯನ್ನೇ ಕೆಳಕ್ಕೆಳೆಯುತ್ತದೆ.

ಬ್ರೇಡ್ ಎಂದರೆ ಪಾಲಿಥಿಲೀನ್ ಎಳೆಗಳ ಜಡೆ. ಹಿಗ್ಗುವುದಿಲ್ಲ, ತೇಲುತ್ತದೆ, 30 ಪೌಂಡಿನದು ಹೆಚ್ಚುಕಮ್ಮಿ 8 ಪೌಂಡ್ ನೈಲಾನಿನಷ್ಟೇ ಸಣ್ಣ. ಜೊಂಡು, ಪಾಚಿ ತುಂಬಿದ ಕಡೆ ಮೀನನ್ನು ಗಿಡದ ಸಮೇತ ಎಳೆದು ತರಬಹುದು. ಹುಷಾರು, ಬೆರಳಿಗೆ ಸುತ್ತಿಕೊಂಡು ಎಳೆದರೆ ಕೊಯ್ದುಬಿಡುತ್ತದೆ.

ರಾಡ್ ಕೊಳ್ಳುವಾಗ ಅಂಗಡಿಯವನ ಬಾಯಿ ನೋಡಬೇಡಿ, ಹಿಡಿಯ ಮೇಲಿನ ಬರಹ ನೋಡಿ. ಆರೂವರೆ ಅಡಿ, ಮೀಡಿಯಂ, ಫಾಸ್ಟ್ ಅಂತಿರಲಿ. ಮೀಡಿಯಂ ಎಂಬುದು ಪವರ್, ಫಾಸ್ಟ್ ಎಂಬುದು ಆಕ್ಷನ್. ಪವರ್ ಅಂದರೆ ಬಗ್ಗಿಸಲು ಎಷ್ಟು ಬಲ ಬೇಕು ಎಂಬುದು, ಆಕ್ಷನ್ ಅಂದರೆ ಎಲ್ಲಿ ಬಗ್ಗುತ್ತದೆ ಎಂಬುದು. ಫಾಸ್ಟ್ ರಾಡ್ ತುದಿಯಲ್ಲಿ ಮಾತ್ರ ಬಾಗುತ್ತದೆ, ರಬ್ಬರ್ ಹುಳದಂಥ ಒಂಟಿ ಗಾಳ ಪಟ್ಟಂತ ನಾಟುತ್ತದೆ. ಮುಂದೆ ಮೂರು ಮುಳ್ಳಿನ ಗಾಳವಿರುವ ಕ್ರ್ಯಾಂಕ್‌ಬೇಟ್ ಎಂಬ ಹುಸಿಮೀನಿನ ಹುಚ್ಚು ಹಿಡಿದರೆ ನಡುವಿನ ತನಕ ಬಾಗುವ ಮಾಡರೇಟ್ ರಾಡ್ ಬೇಕಾಗುತ್ತದೆ. ಬಿರುಸು ರಾಡಿನಲ್ಲಿ ಎಳೆದರೆ ಆ ಸಣ್ಣ ಮುಳ್ಳುಗಳು ಬಾಯಿ ಹರಿದು ಕಳಚುತ್ತವೆ. ಲೈನ್ (ದಾರ) ಎಷ್ಟು ಪೌಂಡ್, ಲ್ಯೂರ್ (ಹುಸಿಮೀನು) ಎಷ್ಟು ಔನ್ಸ್ ಎಂಬುದೂ ಅಲ್ಲೇ ಅಚ್ಚಾಗಿರುತ್ತದೆ. ನಿಮಗೆ ಕಾಲು ಔನ್ಸ್, ಅಂದರೆ 7 ಗ್ರಾಂ ಆಸುಪಾಸಿನ ತೂಕ ಬೀಸುವಂಥದು ಸರಿ. ನಿಮ್ಮಪ್ಪನ ಬಿದಿರುಕಡ್ಡಿಗೆ ಇದ್ಯಾವುದೂ ಬೇಕಿರಲಿಲ್ಲ ನಿಜ, ಆದರೆ ಅವರು ಗಾಳ ಇಳಿಬಿಟ್ಟು ಕಾಯುತ್ತಿದ್ದರು. ಬಾಸ್‌ಗೆ ಎಸೆದು ಎಸೆದು ಆಸೆ ಹುಟ್ಟಿಸಬೇಕು, ರಾಡಿನ ಕೆಲಸವೆಲ್ಲ ಆ ಎಸೆತದಲ್ಲಿದೆ.

ಗಂಟು ಬಿಗಿಯುವ ಮುನ್ನ ಎಂಜಲು ಹಚ್ಚಲು ಹೇಳಿಕೊಡಿ. ಒಣಗಿದ ದಾರ ಬಿಗಿಯುವಾಗ ಉಜ್ಜಿ ಬಿಸಿಯಾಗಿ ಸೋಲುತ್ತದೆ. ಪಾಲೊಮಾರ್ ಗಂಟು ಒಂದನ್ನು ಕಲಿತರೆ ವರ್ಷಗಟ್ಟಲೆ ನಡೆಯುತ್ತದೆ. ಟೆಕ್ಸಸ್‌ನಲ್ಲಿ 17 ತುಂಬದವರಿಗೆ ಲೈಸೆನ್ಸ್ ಬೇಡ. ಕೆರೆ, ಹೊಳೆಗೆ ಹೋದಾಗ ನೀವೂ ಒಂದು ಕೈ ನೋಡುವುದಾದರೆ ನಿಮಗೆ ಬೇಕು. ಸ್ಟೇಟ್ ಪಾರ್ಕಿನ ದಡದಲ್ಲಿ ಕೂತರೆ ಇಬ್ಬರಿಗೂ ಬೇಡ.

ಪ್ರಶ್ನೆ: ಬಾಸ್ ಅಬ್ಬಬ್ಬಾ ಅಂದರೆ ಎಷ್ಟು ದೊಡ್ಡದಾಗುತ್ತದೆ? ನಮ್ಮ ಮಹಶೀರ್ ಮೀನಿನ ಮುಂದೆ ಇದೇನು ಮಹಾ? (ಮಡಿಕೇರಿ)

ಉತ್ತರ: ತೂಕದಲ್ಲಿ ಏನೂ ಅಲ್ಲ. ಲಾರ್ಜ್‌ಮೌತ್ ಬಾಸ್‌ನ ದಾಖಲೆ 22 ಪೌಂಡ್ 4 ಔನ್ಸ್, ಸುಮಾರು 10 ಕಿಲೊ. ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರಿ 1932ರಲ್ಲಿ ಹಿಡಿದದ್ದು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಅದಕ್ಕಿಂತ ಒಂದೇ ಔನ್ಸಿನಷ್ಟು ಹೆಚ್ಚು ತೂಗುವುದನ್ನು ಹಿಡಿದರು. ಆದರೆ ಹಳೆಯ ದಾಖಲೆ ಮುರಿಯಲು 2 ಔನ್ಸ್ ಹೆಚ್ಚಿರಬೇಕೆಂಬ ನಿಯಮ, ಹಾಗಾಗಿ ಇಬ್ಬರದೂ ಸಮ ಅಂತಲೇ ಇದೆ. ಅಮೆರಿಕದವರ ಹುಚ್ಚು ತೂಕದ್ದಲ್ಲ. ಮನೆ ಹಿಂದಿನ ಕೊಳದಲ್ಲೂ ಸಿಗುತ್ತದೆ, ಕಚ್ಚಿದರೆ ನೀರಿಂದ ಮೇಲೆ ಹಾರಿ ತಲೆ ಒದರುತ್ತದೆ. ಒಮ್ಮೆ ನೋಡಿದವರು ಕೆಲಸಕ್ಕೆ ರಜೆ ಹಾಕುತ್ತಾರೆ.

ಪ್ರಶ್ನೆ: ಸ್ಪಿನ್ನಿಂಗ್ ರೀಲಿಗೆ ಹೊಸ ಬ್ರೇಡ್ ಸುತ್ತಿದೆ. ಡ್ರ್ಯಾಗ್, ಅಂದರೆ ಉರುಳೆಯ ಬ್ರೇಕು, ಪೂರ್ತಿ ಬಿಗಿ ಮಾಡಿದರೂ ಹಿಡಿ ತಿರುಗಿಸಿದರೆ ಮೀನು ಹತ್ತಿರ ಬರುವುದಿಲ್ಲ. ರೀಲ್ ಕೆಟ್ಟಿದೆಯಾ? (ಮಿನಿಯಾಪೊಲಿಸ್)

ಉತ್ತರ: ಕೆಟ್ಟಿಲ್ಲಮ್ಮ. ಡ್ರ್ಯಾಗ್ ಹಿಡಿಯುವುದು ಉರುಳೆಯನ್ನು, ನಿಮ್ಮಲ್ಲಿ ಜಾರುತ್ತಿರುವುದು ದಾರ. ನುಣುಪು ಉರುಳೆಯ ಮೇಲೆ ಬ್ರೇಡ್ ಪೂರ್ತಿ ಸುತ್ತು ಒಟ್ಟಿಗೇ ಬಳೆಯ ಹಾಗೆ ತಿರುಗುತ್ತಿದೆ. ಎಲ್ಲ ಬಿಚ್ಚಿ. ಮೊದಲು ಒಂದು ಹತ್ತು ಸುತ್ತು ನೈಲಾನ್ ಬಿಗಿಯಾಗಿ ಸುತ್ತಿ, ಅದಕ್ಕೆ ಬ್ರೇಡ್ ಗಂಟು ಹಾಕಿ, ಒದ್ದೆ ಬಟ್ಟೆಯಲ್ಲಿ ದಾರ ಹಿಡಿದು ಬಿಗಿಯಾಗಿ ಸುತ್ತುತ್ತ ಬನ್ನಿ. ಮೋಟಾರಿನ ಕಾಯಿಲ್ ಸುತ್ತುವಾಗಲೂ ಮೊದಲ ಸುತ್ತು ಸಡಿಲವಾದರೆ ಮೇಲಿನದೆಲ್ಲ ದಂಡ. ಆಮೇಲೆ ಡ್ರ್ಯಾಗನ್ನು ಸಡಿಲಿಸಿ, ದಾರದ ತಾಕತ್ತಿನ ಕಾಲುಭಾಗದ ಎಳೆತಕ್ಕೆ ಬಿಟ್ಟುಕೊಡುವಷ್ಟು ಇರಲಿ. ಬಿಚ್ಚಿದ್ದರಲ್ಲಿ ಸವೆದ ತುಂಡುಗಳಿದ್ದರೆ ಚಿಕ್ಕದಾಗಿ ಕತ್ತರಿಸಿ ಕಸಕ್ಕೆ ಹಾಕಿ, ಕೆರೆ ದಡದಲ್ಲಿ ಬಿಡಬೇಡಿ. ಬಾತುಕೋಳಿ ಕಾಲಿಗೆ ಸಿಕ್ಕಿಕೊಂಡದ್ದನ್ನು ಬಿಡಿಸಲು ಹೋಗಿ ಕೈಗೆ ಕುಕ್ಕಿಸಿಕೊಂಡವನು ನಾನು.